ಅಷ್ಟು ಗದ್ದಲದಲ್ಲಿ ಅಳೋದಕ್ಕೇನಿದೆ?

ನನ್ನ ಹೆಡ್‌ಫೋನ್‌ನಿಂದ ಸೋರುವ ಸದ್ದು ಕಿವಿಗೆ ಬಿದ್ದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳಿ ತಲೆ ಕುಣಿಸುವುದು ಅವರಿಗೆ ಅರ್ಥವಾಗುತ್ತದೆ, ಕಣ್ಣು ಒರೆಸಿಕೊಳ್ಳುವುದು ಅರ್ಥವಾಗುವುದಿಲ್ಲ. ಭಾವ ಒಮ್ಮೆ ಒಂದು ಕಿವಿಗೆ ಮಾತ್ರ ಸಿಕ್ಕಿಸಿಕೊಂಡು ಅರ್ಧ ನಿಮಿಷ ಕೇಳಿ ವಾಪಸ್ ಕೊಟ್ಟರು. “ಚೆನ್ನಾಗಿ ಜಗಳ ಆಡ್ತಿದಾರೆ. ಇದರಲ್ಲಿ ಅಳೋದಕ್ಕೇನಿದೆಯೋ?”

ಅರ್ಧ ನಿಮಿಷ ಸಾಲದು ಭಾವ. ಈ ಉತ್ತರವೂ ಅರ್ಧ ನಿಮಿಷದಲ್ಲಿ ಮುಗಿಯುವಂಥದ್ದಲ್ಲ.

ಒಂದೇ ಆಲ್ಬಮ್ ಹಿಡಿದು ಹೇಳುತ್ತೇನೆ. ಫಿನ್ಲೆಂಡಿನ ನೈಟ್‌ವಿಶ್ ಬ್ಯಾಂಡ್ 2004ರಲ್ಲಿ ತಂದ ‘ವನ್ಸ್’. ಹನ್ನೊಂದು ಹಾಡು. ಈ ಬ್ಯಾಂಡ್ ಹುಟ್ಟಿದ್ದು 1996ರಲ್ಲಿ, ಕಿತೆ ಎಂಬ ಪುಟ್ಟ ಊರಿನಲ್ಲಿ. ಕೀಬೋರ್ಡ್ ನುಡಿಸುವ ತುವೊಮಾಸ್ ಹೊಲೊಪೈನೆನ್‌ಗೆ ಆಗ ಮನಸ್ಸಿನಲ್ಲಿದ್ದದ್ದು ಬೆಂಕಿಯ ಸುತ್ತ ಕೂತು ನುಡಿಸುವಂಥ ಮೆಲುಸಂಗೀತ. ಹಾಡಲು ಕರೆದದ್ದು ಶಾಸ್ತ್ರೀಯ ಗಾಯನ ಕಲಿಯುತ್ತಿದ್ದ ತಾರ್ಯಾ ತುರುನೆನ್‌ರನ್ನು. ಅವರ ದನಿಯ ಎದುರು ಅಕೂಸ್ಟಿಕ್ ಗಿಟಾರ್ ನಿಲ್ಲಲಾರದೆ ಹೋಯಿತು, ಎಲೆಕ್ಟ್ರಿಕ್ ಗಿಟಾರ್ ಬಂತು, ಡ್ರಮ್ಸ್ ಬಂತು. ಅಂದರೆ ಈ ಗದ್ದಲ ದನಿಯನ್ನು ಮುಳುಗಿಸಲು ಬಂದದ್ದಲ್ಲ, ದನಿಗೆ ಸರಿಸಾಟಿಯಾಗಲು ಬಂದದ್ದು. ಈ ಸಂಗೀತ ಕೇಳುವಾಗ ನಾನು ಮರೆಯದ ಸಂಗತಿ ಇದು.

ಮೆಟಲ್‌ನ ಗಿಟಾರಿಗೆ ಒಂದು ವಿಚಿತ್ರ ಗುಣವಿದೆ. ಸದ್ದನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಶನ್ ಹಾಕಿದರೆ ಸದ್ದಿನ ಶಿಖರಗಳು ಚಪ್ಪಟೆಯಾಗುತ್ತವೆ. ತಂತಿಯನ್ನು ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಹೆಚ್ಚುಕಡಿಮೆ ಅಷ್ಟೇ ಸದ್ದು, ಸ್ವರ ಬಹಳ ಹೊತ್ತು ಸಾಯುವುದಿಲ್ಲ. ಹಾಗಾಗಿ ಅದೊಂದು ಗೋಡೆ. ಸಿಂಫನಿ ವಾದ್ಯವೃಂದ ಇದಕ್ಕೆ ತೀರಾ ಉಲ್ಟಾ: ಒಂದೇ ಪಿಟೀಲಿನ ಪಿಸುಮಾತಿನಿಂದ ಹಿಡಿದು ಹಿತ್ತಾಳೆಯ ಕಹಳೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುವವರೆಗೆ ಅದು ಉಸಿರಾಡುತ್ತಲೇ ಇರುತ್ತದೆ. ಅಲುಗದ ಗೋಡೆಗೆ ಒರಗಿಕೊಂಡು ಉಸಿರಾಡುವ ಒಂದು ದೊಡ್ಡ ಜೀವ. ಇವೆರಡರ ನಡುವೆ ಒಬ್ಬ ಹೆಂಗಸಿನ ದನಿ. ಒಪೆರಾ ಗಾಯಕರು ಮೈಕ್ ಇಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೇಳಿಸುವಂತೆ ಹಾಡಲು ಕಲಿಯುತ್ತಾರೆ. ವಾದ್ಯಗಳ ಬಲ ಇಳಿದಿರುವ ಎತ್ತರದ ಕಂಪನಗಳಲ್ಲಿ ಅವರ ದನಿಗೆ ಒಂದು ಹೊಳಪು ಬರುತ್ತದೆ. ‘ವನ್ಸ್’ ಆಲ್ಬಮ್‌ಗೆ ಲಂಡನ್ನಿನಲ್ಲಿ ನಿಜವಾದ ವಾದ್ಯವೃಂದ, ನಿಜವಾದ ವೃಂದಗಾಯಕರು ಬಂದರು, ಪಿಪ್ ವಿಲಿಯಮ್ಸ್ ಅದನ್ನೆಲ್ಲ ಹೊಂದಿಸಿ ಬರೆದರು. ಕೀಬೋರ್ಡಿನ ಗುಂಡಿ ಒತ್ತಿ ಬರಿಸಿದ ಪಿಟೀಲಿಗೂ ನಲವತ್ತು ಜನ ಒಟ್ಟಿಗೆ ಕಮಾನು ಎಳೆಯುವುದಕ್ಕೂ ಇರುವ ವ್ಯತ್ಯಾಸ ಕಿವಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ.

ಆದರೆ ಬರೀ ದೊಡ್ಡದಾಗಿದ್ದರೆ ಅಳು ಬರುತ್ತದೆಯೇ? ಇಲ್ಲ. ಈ ಪ್ರಕಾರದ ಎಷ್ಟೋ ಆಲ್ಬಮ್‌ಗಳು ನನಗೆ ಆಕಳಿಕೆ ತರಿಸಿವೆ. ಮೊದಲ ಹಾಡಿನಿಂದ ಕೊನೆಯವರೆಗೆ ಪ್ರತಿ ಸಾಲಿನ ಮೇಲೂ ವೃಂದಗಾನ ಸುರಿಯುವವರಿದ್ದಾರೆ. ಎಲ್ಲವನ್ನೂ ಕೂಗಿಯೇ ಹೇಳಿದರೆ ಒತ್ತು ಕೊಡಬೇಕಾದ ಮಾತನ್ನು ಹೇಗೆ ಹೇಳುವುದು? ಸಾಹಿತ್ಯದ ವಿಷಯ ಕೇಳಲೇಬೇಡಿ. ಬೆಳದಿಂಗಳು, ಸಮುದ್ರ, ತೋಳ, ಸಾವು, ಮತ್ತೆ ಬೆಳದಿಂಗಳು. ಹೊಲೊಪೈನೆನ್ ಕೂಡ ಇದರಿಂದ ಪೂರ್ತಿ ಪಾರಾದವರಲ್ಲ. ನಾನು ಅಭಿಮಾನಿ ಹೌದು, ಕಿವುಡನಲ್ಲ.

‘ವನ್ಸ್’ ಗೆಲ್ಲುವುದು ತನ್ನ ಕೊನೆಯ ಮೂರು ಹಾಡುಗಳಲ್ಲಿ. ಮೊದಲ ಎಂಟು ಹಾಡಿನಲ್ಲಿ ಅಬ್ಬರವಿದೆ, ಕುಣಿತವಿದೆ, ‘ನೀಮೋ’ ಎಂಬ ಜನಪ್ರಿಯ ಹಾಡೂ ಇದೆ. ಐದನೆಯದರಲ್ಲಿ ಅಮೆರಿಕದ ಮೂಲನಿವಾಸಿಗಳ ಕೊಳಲು ಕೇಳುತ್ತದೆ, ಕೊನೆಯಲ್ಲಿ ಲಕೋಟಾ ಭಾಷೆಯ ಮಾತುಗಳಿವೆ. ಇವು ಸಾಕಷ್ಟು ಚೆನ್ನಾಗಿವೆ, ಮುಂದೆ ಹೋಗೋಣ. ಒಂಬತ್ತನೆಯದು ‘ಗೋಸ್ಟ್ ಲವ್ ಸ್ಕೋರ್’, ಹತ್ತು ನಿಮಿಷದ ಹಾಡು. ಹಾಡು ಶುರುವಾಗಿ ಒಂದು ಎತ್ತರಕ್ಕೆ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಬ್ಯಾಂಡ್ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ನಡುವೆ ಎಷ್ಟೋ ಹೊತ್ತು ವಾದ್ಯವೃಂದದ್ದೇ ರಾಜ್ಯ. ಕತ್ತಲಲ್ಲಿ ಯಾರೋ ಏನನ್ನೋ ಹುಡುಕುತ್ತಿರುವ ಹಾಗೆ. ಆಮೇಲೆ ಪಲ್ಲವಿ ಮರಳಿ ಬರುತ್ತದಲ್ಲ, ಅದು ಅದೇ ರಾಗ, ಅದೇ ಪದ. ಆದರೆ ಮೊದಲ ಸಲ ಕೇಳಿದ ನಾನು ಅಷ್ಟರಲ್ಲಿ ಬೇರೆಯವನಾಗಿರುತ್ತೇನೆ. ಗಂಟಲು ಕಟ್ಟುವುದು ಅಲ್ಲೇ. ಗದ್ದಲ ಹಿಂದೆ ಸರಿದಾಗ ಅದು ಎಷ್ಟು ಜಾಗ ತುಂಬಿತ್ತು ಅನ್ನುವುದು ಕಾಣುತ್ತದೆ, ಮರಳಿದಾಗ ಅದು ಗದ್ದಲವಾಗಿ ಕೇಳಿಸುವುದೇ ಇಲ್ಲ, ಹೋದವರು ಮನೆಗೆ ಬಂದ ಹಾಗೆ ಕೇಳಿಸುತ್ತದೆ.

ಇದೇ ಹಾಡನ್ನು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ಆಮೇಲೆ ಈ ಬ್ಯಾಂಡಿಗೆ ಬಂದ ಡಚ್ ಗಾಯಕಿ ಫ್ಲೋರ್ ಯಾನ್ಸೆನ್ ಹಾಡಿದ್ದನ್ನು ಅಂತರ್ಜಾಲದಲ್ಲಿ ನೋಡಿ ಅತ್ತವರ ಲೆಕ್ಕವಿಲ್ಲ. ಅಭಿಮಾನಿಗಳು ತಾರ್ಯಾನೋ ಫ್ಲೋರೋ ಎಂದು ಇಂದಿಗೂ ಕಿತ್ತಾಡುತ್ತಾರೆ. ಫ್ಲೋರ್ ಎದೆ ಬಿಚ್ಚಿ ತೋರಿಸುತ್ತಾರೆ, ನೋಡಿದವರಿಗೆ ತಡೆಯಲಾಗುವುದಿಲ್ಲ. ನನಗೆ ಮಾತ್ರ ಆಲ್ಬಮ್‌ನ ತಾರ್ಯಾ ಹೆಚ್ಚು ನಾಟುತ್ತಾರೆ. ಸುತ್ತ ಎಲ್ಲ ಕುಸಿಯುತ್ತಿರುವಾಗಲೂ ಅವರ ದನಿ ಒಂದಿಷ್ಟೂ ಒಡೆಯುವುದಿಲ್ಲ. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿರುವಾಗ ಒಬ್ಬರು ಮಾತ್ರ ನೆಟ್ಟಗೆ ನಿಂತು ಬಂದವರನ್ನು ವಿಚಾರಿಸಿಕೊಳ್ಳುತ್ತಿರುತ್ತಾರಲ್ಲ, ಅವರನ್ನು ನೋಡಿದಾಗಲೇ ನಮಗೆ ಅಳು ಬರುವುದು.

ಆಮೇಲೆ ನಡೆದದ್ದೂ ಈ ಆಲ್ಬಮ್‌ಗೆ ಅಂಟಿಕೊಂಡಿದೆ. 2005ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ಪ್ರವಾಸದ ಕೊನೆಯ ಕಾರ್ಯಕ್ರಮ ಮುಗಿದ ಮೇಲೆ ಬ್ಯಾಂಡಿನ ಉಳಿದವರು ತಾರ್ಯಾ ಕೈಗೆ ಒಂದು ಪತ್ರ ಕೊಟ್ಟರು, ಆಮೇಲೆ ಅದನ್ನು ಬಹಿರಂಗಪಡಿಸಿದರು. ಇನ್ನು ಒಟ್ಟಿಗೆ ಇಲ್ಲ ಎಂಬ ಪತ್ರ. ‘ವನ್ಸ್’ ಅಂದರೆ ‘ಒಮ್ಮೆ’. ಹೆಸರಿಟ್ಟಾಗ ಇದು ಯಾರ ಮನಸ್ಸಿನಲ್ಲೂ ಇರಲಿಕ್ಕಿಲ್ಲ. ಯಾರದು ಸರಿ ಯಾರದು ತಪ್ಪು ಎಂಬ ಪಂಚಾಯಿತಿ ನನಗೆ ಬೇಡ. ಒಬ್ಬ ಗಂಡಸು ತನ್ನ ಎದೆಯೊಳಗಿನದನ್ನೆಲ್ಲ ಬರೆದು ಒಬ್ಬ ಹೆಂಗಸಿನ ಬಾಯಿಗೆ ಕೊಟ್ಟ, ಅವಳು ಅದನ್ನು ತನ್ನದೇ ಎಂಬಂತೆ ಹಾಡಿದಳು, ಮುಂದಿನ ವರ್ಷ ಇಬ್ಬರೂ ಮಾತು ಬಿಟ್ಟರು. ಕೇಳುವಾಗ ಇದು ನೆನಪಿಗೆ ಬಂದೇ ಬರುತ್ತದೆ.

ಹತ್ತನೆಯ ಹಾಡು ಫಿನ್ನಿಶ್ ಭಾಷೆಯದು. ಒಂದು ಪದವೂ ಗೊತ್ತಿಲ್ಲದೆ ವರ್ಷಗಟ್ಟಲೆ ಕೇಳಿದ್ದೆ. ಶೀರ್ಷಿಕೆಯ ಅರ್ಥ ‘ಸಾವು ಕಲಾವಿದನನ್ನು ಮಾಡುತ್ತದೆ’ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಹಾಡಿಗೆ ಹೊಸದಾಗಿ ಏನೂ ಸೇರಲಿಲ್ಲ, ದನಿಯಲ್ಲೇ ಎಲ್ಲ ಇತ್ತು.

ಕೊನೆಯದು ‘ಹೈಯರ್ ದ್ಯಾನ್ ಹೋಪ್’. ಬ್ಯಾಂಡಿನ ಅಮೆರಿಕದ ಗೆಳೆಯನೊಬ್ಬ 2003ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಹಾಡು ಅವನಿಗಾಗಿ. ಹಾಡಿನೊಳಗೆ ಅವನದೇ ಮಾತು ಇದೆ, ಧ್ವನಿಮುದ್ರಿಸಿಟ್ಟದ್ದು. ಇಷ್ಟು ವಾದ್ಯ, ಇಷ್ಟು ಜನ, ಇಷ್ಟೆಲ್ಲ ಸಂಭ್ರಮದ ನಡುವೆ ಒಬ್ಬ ಮನುಷ್ಯ ಸುಮ್ಮನೆ ಮಾತಾಡುತ್ತಾನೆ, ಹಾಡುವುದಿಲ್ಲ.

ಕಳೆದ ವಾರ ಭಾವನ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಸಿ, ಕೊನೆಯ ಮೂರು ಹಾಡು ಕೇಳಿಸಿದೆ. ಹಾಡಿನ ಕತೆ ಏನೂ ಹೇಳಿರಲಿಲ್ಲ. ‘ಗೋಸ್ಟ್ ಲವ್ ಸ್ಕೋರ್’ ನಡುವೆ ಎರಡು ಸಲ ಗಡಿಯಾರ ನೋಡಿದರು. ಮುಂದಿನದಕ್ಕೆ ಕಣ್ಣು ಮುಚ್ಚಿದರು, ನಿದ್ದೆಯೋ ಏನೋ ಅಂದುಕೊಂಡೆ. ಕೊನೆಯ ಹಾಡಿನಲ್ಲಿ ಆ ಮಾತು ಬಂದಾಗ ಕಣ್ಣು ತೆರೆದು ಹೆಡ್‌ಫೋನನ್ನು ಸ್ವಲ್ಪ ಎತ್ತಿ ಹಿಡಿದರು.

“ಇವನು ಯಾರೋ?”