ಹೆಪ್ಪು ಹಾಕಿದ ಹಾಗೆ ಅಲ್ಲ, ದೊಡ್ಡಪ್ಪ

"ಹೊಕ್ಕುಳಬಳ್ಳಿ ರಕ್ತದ ಸ್ಟೆಮ್ ಸೆಲ್‌ನ ಈಗ ಲ್ಯಾಬಲ್ಲೇ ಬೆಳೆಸ್ತಾರಂತಲ್ಲ, ಹಾಗಾದ್ರೆ ನಮ್ಮ ಮಗೂದೂ ತೆಗೆದಿಡೋಣ್ವಾ?"

ಈ ಪ್ರಶ್ನೆ ನನಗೆ ಸಾಮಾನ್ಯವಾಗಿ ಊಟದ ಎಲೆ ಮುಂದೆ ಕೂತಾಗ ಬರುತ್ತದೆ. ನಾನು ಬೆಂಗಳೂರಲ್ಲಿ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆ, ಕಸಿ ಮಾಡುವ ಒಂದು ಕಡೆ ಲ್ಯಾಬ್ ಟೆಕ್ನಿಷಿಯನ್. ನನ್ನ ಕೆಲಸ ಸೆಲ್ ಎಣಿಸುವುದು. ಬೆಳೆಸುವುದಲ್ಲ, ಎಣಿಸುವುದು. ಇದನ್ನು ನೂರು ಸಲ ಹೇಳಿದ್ದೇನೆ. ಬಾಯಿ ನೋಯುತ್ತದೆ. ಇನ್ನು ಮುಂದೆ ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಕೊನೆಯ ಸಲ ಸಹನೆ ಕೆಟ್ಟಿದ್ದು ತಿಪಟೂರಲ್ಲಿ, ನಮ್ಮ ಚಿಕ್ಕಪ್ಪನ ಮಗಳ ಸೀಮಂತದಲ್ಲಿ. ಅವಳು ಮೊಗ್ಗಿನ ಜಡೆ ಹಾಕಿಕೊಂಡು, ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಸ್ಕ್ಯಾನಿಂಗ್‌ಗೆ ಹೋದಾಗ ಯಾರೋ ಕೈಗಿತ್ತ, ಹೊಕ್ಕುಳಬಳ್ಳಿ ರಕ್ತ ತೆಗೆದಿಡುವ ಕಂಪನಿಯ ಬಣ್ಣದ ಕರಪತ್ರ ಆಗಲೇ ಮನೆಯವರ ಕೈಯೆಲ್ಲ ಸುತ್ತಿ ಬಂದಿತ್ತು. ಅದರ ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ದೊಡ್ಡಪ್ಪ ಕನ್ನಡಕ ಹಾಕಿ ಓದಿ ತೀರ್ಪು ಕೊಟ್ಟೇಬಿಟ್ಟರು. "ಇದು ಹೆಪ್ಪು ಹಾಕಿದ ಹಾಗೆ ಕಣೇ. ಒಂದು ಚಮಚ ಇದ್ರೆ ಸಾಕು, ಪಾತ್ರೆ ತುಂಬ ಆಗುತ್ತೆ. ಇಎಂಐನೂ ಇದೆಯಂತೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹೆಪ್ಪಿನ ಮಾತು ಕೇಳುವುದಕ್ಕೆ ಚೆನ್ನಾಗಿದೆ, ಅದೇ ತೊಂದರೆ. ಹೆಪ್ಪು ಹಾಕಿ ಆದ ಮೊಸರಿನಲ್ಲಿ ಯಾವ ಚಮಚ ತೆಗೆದರೂ ಅದು ಮತ್ತೆ ಹೆಪ್ಪೇ. ರಕ್ತದ ಸ್ಟೆಮ್ ಸೆಲ್, ಅಂದರೆ ಎಲ್ಲ ಬಗೆಯ ರಕ್ತಕಣಗಳೂ ಹುಟ್ಟುವ ತಾಯಿ ಸೆಲ್, ಹಾಗಲ್ಲ. ಪ್ಲಾಸ್ಟಿಕ್ ಡಿಶ್‌ನಲ್ಲಿ ಹಾಕಿ, ಅದಕ್ಕೆ ಬೇಕಾದ ಪ್ರೋಟೀನುಗಳನ್ನು ಕೊಟ್ಟರೆ ಬೆಳೆಯುತ್ತದೆ, ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಒಡೆದು ಎರಡಾಗುತ್ತಾ ಆಗುತ್ತಾ ಹೆಚ್ಚಿನವು ಸ್ಟೆಮ್ ಸೆಲ್ ಆಗಿ ಉಳಿಯುವುದಿಲ್ಲ. ಬಿಳಿ ರಕ್ತಕಣವೋ ಇನ್ನೊಂದೋ ಆಗುವ ದಾರಿ ಹಿಡಿದುಬಿಡುತ್ತವೆ. ಪಾತ್ರೆ ತುಂಬ ಮೊಸರಿದೆ, ನಾಳೆಗೆ ಹೆಪ್ಪಿಲ್ಲ. ಮೂವತ್ತು ವರ್ಷ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಅಷ್ಟಕ್ಕೂ ಬೆಳೆಸುವುದು ಯಾಕೆ? ಲೆಕ್ಕ ಸಾಲದ್ದಕ್ಕೆ. ಒಂದು ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯಿಂದ ಸಿಗುವ ರಕ್ತ ಸುಮಾರು 100 ಎಂಎಲ್, ಒಂದು ಸಣ್ಣ ಕಾಫಿ ಲೋಟ. ಅದರಲ್ಲಿ ನ್ಯೂಕ್ಲಿಯಸ್ ಇರುವ ಸೆಲ್‌ಗಳು ನೂರು ಕೋಟಿ ಆಸುಪಾಸು. ಅದರಲ್ಲೂ ನಾವು ಹುಡುಕುವ, ಸ್ಟೆಮ್ ಸೆಲ್‌ಗಳಿರುವ ಗುಂಪು, ಸಿಡಿ34 ಎಂಬ ಗುರುತಿನ ಸೆಲ್ ನೂರಕ್ಕೆ ಒಂದೂ ಇರುವುದಿಲ್ಲ. ಈ ರಕ್ತವನ್ನು ರೋಗಿಗೆ ಕಸಿ ಮಾಡಲು ಅವನ ತೂಕದ ಪ್ರತಿ ಕೆಜಿಗೆ ನ್ಯೂಕ್ಲಿಯಸ್ ಇರುವ ಸೆಲ್ ಕನಿಷ್ಠ 2.5 ಕೋಟಿ ಬೇಕು ಎನ್ನುವುದು ರೂಢಿಯ ಲೆಕ್ಕ. ನಮ್ಮ ದೊಡ್ಡಪ್ಪ 82 ಕೆಜಿ. 205 ಕೋಟಿ ಆಯಿತು. ಅರ್ಧಕ್ಕರ್ಧ ಕೊರತೆ. ಇದನ್ನು ಅವರಿಗೆ ಹೇಳಿದ್ದಕ್ಕೆ, "ನನ್ನ ತೂಕ ಯಾಕೆ ಈಗ?" ಅಂದರು.

ಪುಟ್ಟ ಮಕ್ಕಳಿಗೆ ಸಾಲುತ್ತದೆ. 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಅವರು ಮೊದಲ ಸಲ ಈ ಕಸಿ ಮಾಡಿದ್ದು ಅಮೆರಿಕದ 5 ವರ್ಷದ ಹುಡುಗನಿಗೆ. ಅವನಿಗೆ ಫ್ಯಾಂಕೋನಿ ಅನೀಮಿಯಾ, ಹುಟ್ಟಿನಿಂದಲೇ ಬಂದು ಮ್ಯಾರೋ ಕೈಕೊಡುವ ಕಾಯಿಲೆ. ಅವನು ಬದುಕಿದ. ಆದರೆ ಗಮನಿಸಿ, ರಕ್ತ ಅವನದಲ್ಲ, ಆಗ ತಾನೇ ಹುಟ್ಟಿದ ತಂಗಿಯದು. ಅವನ ಸ್ವಂತದ್ದು ಇಟ್ಟಿದ್ದರೂ ಪ್ರಯೋಜನವಿರಲಿಲ್ಲ, ಅದರಲ್ಲೂ ಅದೇ ಕಾಯಿಲೆ ಇರುತ್ತಿತ್ತು. ಹುಟ್ಟಿನಿಂದಲೇ ಬರುವ ಇನ್ನೊಂದು ರಕ್ತದ ಕಾಯಿಲೆ ತಲಸ್ಸೀಮಿಯಾದ್ದೂ ಇದೇ ಕಥೆ. ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದ ಮಗುವಿಗೂ ಸಾಮಾನ್ಯವಾಗಿ ಅದರದೇ ಹೊಕ್ಕುಳಬಳ್ಳಿ ರಕ್ತ ಕೊಡುವುದಿಲ್ಲ, ಕಾಯಿಲೆಯ ಬೀಜ ಹುಟ್ಟುವಾಗಲೇ ಅದರಲ್ಲಿದ್ದಿರಬಹುದು ಅಂತ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ತನ್ನ 2017ರ ಮಾರ್ಗಸೂಚಿಯಲ್ಲೇ ಹೇಳಿದೆ: ಮುಂದೆ ಸ್ವಂತಕ್ಕೆ ಬೇಕಾಗುತ್ತದೆ ಎಂದು ತೆಗೆದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮನೆಯಲ್ಲಿ ಇನ್ನೊಂದು ಮಗುವಿಗೆ ಈ ಕಸಿಯಿಂದ ವಾಸಿಯಾಗುವ ಕಾಯಿಲೆ ಇದ್ದರೆ ಮಾತು ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಇಲ್ಲಿಗೆ ಓದು ನಿಲ್ಲಿಸಬಹುದು.

ಇನ್ನೂ ಓದುತ್ತಿದ್ದರೆ, ಬೆಳೆಸುವ ವಿಷಯ. ಅಮೆರಿಕದ ಸಿಯಾಟಲ್‌ನಲ್ಲಿ ವೈದ್ಯೆ ಕಾಲೀನ್ ಡೆಲೇನಿ ಮತ್ತು ಅವರ ಜೊತೆಯವರು ಒಂದು ಚೀಲದ ರಕ್ತದ ಸೆಲ್‌ಗಳನ್ನು ಬೆಳೆಸಿ, ಬೆಳೆಸದ ಇನ್ನೊಂದು ಚೀಲದ ಜೊತೆ ಒಬ್ಬನೇ ರೋಗಿಗೆ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಕಸಿಯಾದ ಮೇಲೆ ಬಿಳಿ ರಕ್ತಕಣ ವಾಪಸ್ ಬರುವುದಕ್ಕೆ 26 ದಿನ ಹಿಡಿಯುತ್ತಿದ್ದದ್ದು 16 ದಿನಕ್ಕಿಳಿಯಿತು. ಆದರೆ ಮೊದಲು ಓಡಿ ಬಂದ ಬೆಳೆಸಿದ ಸೆಲ್‌ಗಳು ಹೆಚ್ಚಿನವರಲ್ಲಿ ಕೊನೆಯವರೆಗೆ ನಿಲ್ಲಲಿಲ್ಲ. ನಿಂತದ್ದು ಬೆಳೆಸದ ಚೀಲ. ನೋಡಿದಿರಾ ದೊಡ್ಡಪ್ಪ, ಹೆಪ್ಪು ಖಾಲಿ.

ಆಮೇಲೆ ಇಸ್ರೇಲಿನ ಗಾಮಿಡಾ ಸೆಲ್ ಎಂಬ ಕಂಪನಿಯವರು ಬೆಳೆಸುವ ದ್ರವಕ್ಕೆ ನಿಕೋಟಿನಮೈಡ್ ಸೇರಿಸಿದರು. ಸೆಲ್‌ಗಳು ಒಡೆಯುತ್ತಲೂ ಇರಬೇಕು, ದಾರಿ ತಪ್ಪಲೂಬಾರದು, ಅದಕ್ಕೆ ಇದು ಸಹಾಯ ಮಾಡುತ್ತದೆ. 3 ವಾರ ಬೆಳೆಸುತ್ತಾರೆ. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ. 125 ಜನರ ಪ್ರಯೋಗದಲ್ಲಿ ಬಿಳಿ ರಕ್ತಕಣ ವಾಪಸ್ ಬಂದದ್ದು 12 ದಿನಕ್ಕೆ, ಬೆಳೆಸದೆ ಕೊಟ್ಟವರಲ್ಲಿ 22 ದಿನಕ್ಕೆ. ಸೋಂಕೂ ಕಡಿಮೆ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಒಮಿಸಿರ್ಜ್ ಎಂದು ಹೆಸರು. ಆಗ ಇಟ್ಟ ಬೆಲೆ 3,38,000 ಡಾಲರ್. ಇದಕ್ಕೆ ಇಎಂಐ ಇದೆಯೋ ಗೊತ್ತಿಲ್ಲ.

ನಿಕೋಟಿನಮೈಡ್ ಅಂದರೆ ಬಿ3 ವಿಟಮಿನ್‌ನ ಒಂದು ರೂಪ ಅಂತ ಸೀಮಂತದ ಮನೆಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. "ಹಾಗಾದ್ರೆ ಮಾತ್ರೆ ನುಂಗಿದ್ರೆ ಆಯ್ತಲ್ವಾ?" ಅಂದರು ಸೋದರತ್ತೆ. ನಾನು ಎದ್ದು ಕೈ ತೊಳೆಯಲು ಹೋದೆ.

ಎಷ್ಟಾಗುತ್ತೆ, ಎಷ್ಟು ಬೆಳೆಯುತ್ತೆ, ಎಷ್ಟು ಖರ್ಚು ಎಂದು ಎಲ್ಲರೂ ಕೇಳುತ್ತಾರೆ. 22 ದಿನ 12 ಆದರೆ ಉಳಿದ ಆ ಹತ್ತು ದಿನದಲ್ಲಿ ಏನಿರುತ್ತದೆ ಎಂದು ಒಬ್ಬರಾದರೂ ಕೇಳಿಲ್ಲ. ನನ್ನ ವಾರ್ಡಿನ ಹೊರಗೆ ಕೂರುವ ತಾಯಂದಿರಿಗೆ ಅದನ್ನು ಕೇಳಬೇಕಾಗೇ ಇಲ್ಲ. ಅವರು ದಿನಾ ಬೆಳಿಗ್ಗೆ ಕೇಳುವುದು ಎರಡೇ ಮಾತು: "ಕೌಂಟ್ ಬಂತಾ?"

ನಮ್ಮಲ್ಲಿ ಈಗ ಹೆಚ್ಚಾಗಿ ಅಂಗಾಂಶದ ಗುರುತು ಅರ್ಧ ಹೊಂದುವ ಅಪ್ಪನದೋ ಅಮ್ಮನದೋ ಸೆಲ್ ಕೊಡುತ್ತಾರೆ. ಹೊಕ್ಕುಳಬಳ್ಳಿಯ ತಂಟೆಗೆ ಹೋಗುವುದು ಕಡಿಮೆ. ಆದರೆ ಕಾಯುವುದು ಎಲ್ಲ ಕಡೆ ಒಂದೇ. ಕೀಮೊ ಕೊಟ್ಟು ಹಳೆಯ ಮ್ಯಾರೋ ಖಾಲಿ ಮಾಡಿರುತ್ತಾರೆ, ಹೊಸದು ಚಿಗುರಿರುವುದಿಲ್ಲ. ಬಾಯಿಯಿಂದ ಗಂಟಲವರೆಗೆ ಹುಣ್ಣು, ಎಂಜಲು ನುಂಗಲೂ ಆಗದು. ರಾತ್ರಿ ಜ್ವರ, ಮತ್ತೊಂದು ಆಂಟಿಬಯಾಟಿಕ್. ಮಗು ಗಾಜಿನ ಆಚೆ. ಒಂದು ದಿನ ಜಾಸ್ತಿಯಾದರೂ ಫಂಗಸ್‌ಗೆ ಒಂದು ದಿನ ಜಾಸ್ತಿ ಸಿಕ್ಕ ಹಾಗೆ.

ಹೋದ ಮಳೆಗಾಲದಲ್ಲಿ ಒಂದು ಹುಡುಗಿಯ ರಿಪೋರ್ಟ್ ಬರೆಯುತ್ತಿದ್ದದ್ದು ನಾನು. ಕೌಂಟ್ ಅಂದರೆ ಬಿಳಿ ರಕ್ತಕಣದ ಲೆಕ್ಕ, ಸಾವಿರದಲ್ಲಿ ಬರೆಯುತ್ತೇವೆ; 0.1 ಅಂದರೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ ನೂರು. 0.1. 0.1. ಮಾರನೇ ದಿನವೂ 0.1. ಕೌಂಟ್ ಇಷ್ಟು ಕೆಳಗಿದ್ದಾಗ ಮೆಷಿನ್ ಮಾತು ನಂಬುವ ಹಾಗಿಲ್ಲ, ಸ್ಲೈಡ್ ಮಾಡಿ ಕಣ್ಣಲ್ಲೇ ನೋಡಬೇಕು. 17ನೇ ದಿನ ಬೆಳಿಗ್ಗೆ ಏಳೂಕಾಲಿಗೆ ಸ್ಲೈಡಿನ ಒಂದು ಅಂಚಿನಲ್ಲಿ ಒಂದು ನ್ಯೂಟ್ರೊಫಿಲ್, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ, ಸಿಕ್ಕಿತು. ಒಂದೇ ಒಂದು. ನೇರಳೆ ಬಣ್ಣದ ನ್ಯೂಕ್ಲಿಯಸ್, ಮೂರು ಗಂಟು ಹಾಕಿದ ದಾರದ ಹಾಗೆ. ಪಕ್ಕದಲ್ಲಿದ್ದವರನ್ನೂ ಕರೆದು ತೋರಿಸಿದೆ. ಒಂದು ಮೈಕ್ರೊಲೀಟರ್‌ಗೆ ನ್ಯೂಟ್ರೊಫಿಲ್ 500 ದಾಟಿ ಮೂರು ದಿನ ನಿಂತರೆ ಮಾತ್ರ ಬಂತು ಅನ್ನಬೇಕು, ಅದು ನಿಯಮ.

ಮಾದರಿ ತರುವ ನೆಪ ಮಾಡಿಕೊಂಡು ವಾರ್ಡಿನ ಕಡೆ ನಡೆದೆ. ಅವಳಮ್ಮ ಬೆಂಚಿನಿಂದ ಎದ್ದರು.