ಎರಡು ಸಾವಿರ ಬಂತು, ಚರಂಡಿ ಯಾವಾಗ?

ನಮ್ಮೂರು ತಿಪಟೂರು ಕಡೆ, ತೆಂಗಿನ ಸೀಮೆ. 2025ರ ಅಕ್ಟೋಬರಿನಲ್ಲಿ ಮನೆಯ ಇ-ಸ್ವತ್ತು, ಅಂದರೆ ಪಂಚಾಯ್ತಿ ಕೊಡುವ ಆಸ್ತಿ ದಾಖಲೆ, ಮಾಡಿಸಬೇಕು ಅಂತ ಬೆಂಗಳೂರಿನಿಂದ ಹೋಗಿದ್ದೆ. ಪಂಚಾಯ್ತಿ ಆಫೀಸಿಗೆ ಹೋದರೆ "ಇವತ್ತು ಗ್ರಾಮಸಭೆ, ನಾಳೆ ಬನ್ನಿ" ಅಂದರು. ನಾಳೆ ನಾನು ಕೆಲಸಕ್ಕೆ ವಾಪಸ್ ಹೋಗಬೇಕು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳಿಗೆ ಬೇಜಾರೇನೂ ಆಗಲಿಲ್ಲ. "ಹಂಗಾದ್ರೆ ನನ್ ಜೊತೆ ಬಾ. ಏನ್ ಮಾತಾಡ್ತಾರೆ ನೀನೂ ಕೇಳು" ಅಂತ ಹೊರಡಿಸಿದಳು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಮೇಜು, ಮೇಜಿನ ಹಿಂದೆ ನೋಡಲ್ ಅಧಿಕಾರಿ, ಅಧ್ಯಕ್ಷರು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಕಾನೂನಿದೆ. ನಡೆಯುತ್ತದೆ ಕೂಡ. ಆದರೆ ಅದರ ಮೊದಲ ಭಾಗವನ್ನು ಸಹಿಸಿಕೊಳ್ಳಬೇಕು. ಕೃಷಿ, ತೋಟಗಾರಿಕೆ, ಆರೋಗ್ಯ, ಬೆಸ್ಕಾಂ ಅಂತ ಒಬ್ಬೊಬ್ಬರೇ ಎದ್ದು ತಮ್ಮ ಇಲಾಖೆಯ ಯೋಜನೆಗಳನ್ನು ಹಾಳೆ ನೋಡಿ ಓದಿದರು. ಯಾರೂ ಏನೂ ಕೇಳಲಿಲ್ಲ. ಟೀ ಬಂತು. ಟೀ ಕುಡಿದ ಗಂಡಸರಲ್ಲಿ ಅರ್ಧ ಜನ ತೋಟದ ಕಡೆ ಹೊರಟರು. ಹೆಂಗಸರು ಮಾತ್ರ ಕದಲಲಿಲ್ಲ.

ಅವರು ಕಾಯುತ್ತಿದ್ದದ್ದು ಗೃಹಲಕ್ಷ್ಮಿಗೆ, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಯೋಜನೆಗೆ. ಅಂಗನವಾಡಿ ಮೇಲ್ವಿಚಾರಕಿ ಎದ್ದು ನಿಂತದ್ದೇ ತಡ, ಸಭೆಗೆ ಜೀವ ಬಂತು. ಒಬ್ಬರಿಗೆ ಎರಡು ಕಂತು ಬಂದಿಲ್ಲ. ಇನ್ನೊಬ್ಬರಿಗೆ ಆಧಾರ್ ಲಿಂಕ್ ಆಗಿದೆ, ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತಿದೆಯೋ ಗೊತ್ತಿಲ್ಲ. ಮತ್ತೊಬ್ಬರ ಗಂಡ ಜಿಎಸ್‌ಟಿ ಕಟ್ಟುತ್ತಾರೆ ಅಂತ ಕಂಪ್ಯೂಟರಿನಲ್ಲಿ ತೋರಿಸುತ್ತಿದೆಯಂತೆ, ಅದಕ್ಕೇ ದುಡ್ಡು ನಿಂತಿದೆಯಂತೆ. "ಅವ್ರಿಗೆ ಅಂಗ್ಡಿನೂ ಇಲ್ಲ, ಗಾಡಿನೂ ಇಲ್ಲ, ಇರೋದು ಎರಡು ಹಸ" ಅಂತ ಆಕೆ ಹೇಳಿದಾಗ ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಮೇಲ್ವಿಚಾರಕಿ ಪಾಪ ಎಲ್ಲವನ್ನೂ ಬರೆದುಕೊಂಡರು. ಅವರ ಕೈಯಲ್ಲೂ ಏನಿಲ್ಲ. ದುಡ್ಡು ನೇರ ಖಾತೆಗೆ ಬೀಳುತ್ತದೆ, ಬೀಳದಿದ್ದರೆ ಯಾಕೆ ಅಂತ ಹೇಳುವವರು ಊರಿನಲ್ಲಿ ಯಾರೂ ಇರುವುದಿಲ್ಲ.

ನಮ್ಮ ಆಫೀಸಿನಲ್ಲಿ ಗೃಹಲಕ್ಷ್ಮಿಯಂಥ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಮಾತು ಬಂದರೆ "ಬಿಟ್ಟಿ ಭಾಗ್ಯ" ಅಂತ ಮೂಗು ಮುರಿಯುವವರೇ ಜಾಸ್ತಿ. ಮೆಟ್ರೊ ಯಾರ ದುಡ್ಡಿನಲ್ಲಿ ಆಯ್ತು ಅಂತ ಅವರು ಕೇಳಿಕೊಳ್ಳುವುದಿಲ್ಲ, ಅದು ಬೇರೆ ಮಾತು. ಅಮ್ಮನಿಗೆ ತಿಂಗಳಿಗೆ ಬರುವ ಎರಡು ಸಾವಿರದಲ್ಲಿ ಬಿಪಿ ಮಾತ್ರೆ ಬರುತ್ತದೆ, ಚೀಟಿ ದುಡ್ಡು ಹೋಗುತ್ತದೆ, ಮೊಮ್ಮಕ್ಕಳ ಕೈಗೆ ಐವತ್ತು ನೂರು ಸಿಗುತ್ತದೆ. ಮೊದಲೆಲ್ಲ ಮಾತ್ರೆ ಮುಗಿದರೂ ನನಗೆ ಫೋನ್ ಮಾಡುತ್ತಿರಲಿಲ್ಲ. ಕೇಳುವುದಕ್ಕೆ ಸಂಕೋಚ. ಈಗ ಯಾರನ್ನೂ ಕೇಳಬೇಕಾಗಿಲ್ಲ. ಹಾಗಾಗಿ ಈ ದುಡ್ಡು ದಂಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಹಾಗಂತ ಲೆಕ್ಕವನ್ನು ಮರೆಯುವುದಕ್ಕೂ ಆಗುವುದಿಲ್ಲ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು. ಇಷ್ಟು ದೊಡ್ಡ ಪಾಲು ಮನೆ ಬಾಗಿಲಿನವರೆಗೆ ಬರುತ್ತದೆ. ಬಾಗಿಲಿನಿಂದ ಆಚೆ ಕಾಲಿಟ್ಟರೆ ಏನಿದೆ ಅನ್ನುವುದು ಸಭೆಯ ಎರಡನೇ ಭಾಗದಲ್ಲಿ ಗೊತ್ತಾಯಿತು.

ನಮ್ಮ ಕೇರಿಗೆ ಜಲ ಜೀವನ್ ಮಿಷನ್ನಿನ ನಲ್ಲಿ ಬಂದಿದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುವುದು ಯೋಜನೆ. ನಲ್ಲಿ ಬಂದಾಗ ಎಲ್ಲರಿಗೂ ಖುಷಿಯೇ. ಆದರೆ ಪೈಪ್ ಹಾಕುವಾಗ ಕಾಂಕ್ರೀಟ್ ರಸ್ತೆಯನ್ನು ಮಧ್ಯಕ್ಕೆ ಸೀಳಿದರು, ಚರಂಡಿಯನ್ನು ಎರಡು ಕಡೆ ಒಡೆದರು. ಮೇಲೆ ಮಣ್ಣೆಳೆದು ಗುತ್ತಿಗೆದಾರ ಹೊರಟುಹೋದ. ಈಗ ಮನೆಗಳ ಬಚ್ಚಲು ನೀರೆಲ್ಲ ಅಲ್ಲೇ ನಿಲ್ಲುತ್ತದೆ. ನೀರು ಜಾಸ್ತಿ ಬಂದಷ್ಟೂ ಕೊಳಚೆ ಜಾಸ್ತಿ. ನೀರು ಒಳಗೆ ಬರುವುದಕ್ಕೆ ಒಂದು ಯೋಜನೆ ಇದೆ, ಹೊರಗೆ ಹೋಗುವುದಕ್ಕೆ ಮಾತ್ರ ಯಾರೂ ಜವಾಬ್ದಾರರಲ್ಲ.

ಅಮ್ಮ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡುವುದನ್ನು ನಾನು ಅವತ್ತೇ ನೋಡಿದ್ದು. "ಸಾರ್, ಎರಡು ಸಾವ್ರ ಬಂದಿದೆ, ನಂಗೇನೂ ತಕರಾರಿಲ್ಲ. ನಮ್ ಕೇರಿ ಚರಂಡಿ ಯಾವಾಗ?"

ಪಿಡಿಒ ಒಳ್ಳೆಯವರು, ವಯಸ್ಸೂ ಚಿಕ್ಕದು. ಸಮಾಧಾನದಿಂದಲೇ ಹೇಳಿದರು. ರಸ್ತೆ ಮೊದಲಿನ ಹಾಗೆ ಮಾಡಿಕೊಡುವುದು ಗುತ್ತಿಗೆದಾರನ ಕೆಲಸ, ಅದನ್ನು ನೋಡಬೇಕಾದ್ದು ಕುಡಿಯುವ ನೀರಿನ ಇಲಾಖೆಯ ಎಂಜಿನಿಯರು, ಪಂಚಾಯ್ತಿ ಪತ್ರ ಬರೆದಿದೆ. ಪಂಚಾಯ್ತಿಯಿಂದಲೇ ಮಾಡೋಣ ಅಂದರೆ ದುಡ್ಡು? ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿದೆ ಅಂದರು. ಚರಂಡಿ ಅದರೊಳಗೆ ಬರುತ್ತದೆ ನಿಜ, ಆದರೆ ಬೋರ್‌ವೆಲ್ ಮೋಟಾರು ಸುಟ್ಟರೆ ಅದರಲ್ಲೇ ಆಗಬೇಕು, ಕಸದ ಗಾಡಿಗೂ ಅದರಲ್ಲೇ ಆಗಬೇಕು. ಎಲ್ಲ ಹಳ್ಳಿಗೆ ಹಂಚಿದರೆ ನಮ್ಮ ಪಾಲಿಗೆ ಬರುವುದು ಕೇರಿಯ ಕಾಲು ಭಾಗದ ಚರಂಡಿಗೂ ಸಾಲುವುದಿಲ್ಲ.

ಬೀದಿ ದೀಪದ ಪ್ರಶ್ನೆ ಬಂದಾಗಲೂ ಇದೇ ಕಥೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಯ ಕರೆಂಟಿಗೆ ಬಿಲ್ಲಿಲ್ಲ. ಆದರೆ ಬೀದಿ ದೀಪದ್ದೂ ನೀರೆತ್ತುವ ಮೋಟಾರಿನದ್ದೂ ಬಿಲ್ಲು ಪಂಚಾಯ್ತಿ ತಲೆಯ ಮೇಲಿದೆ. ಮನೆಯೊಳಗೆ ಬೆಳಕು ಪುಕ್ಕಟೆ, ಹೊಸ್ತಿಲು ದಾಟಿದರೆ ಬಾಕಿ. ಯಾರೋ ಇದನ್ನೇ ಜೋರಾಗಿ ಹೇಳುತ್ತಿದ್ದರು, ಅಷ್ಟರಲ್ಲಿ ಬಿಲ್ ಕಲೆಕ್ಟರ್ ಎದ್ದು ಕಂದಾಯ ಮತ್ತು ನೀರಿನ ಶುಲ್ಕದ ಬಾಕಿ ಪಟ್ಟಿ ತೆಗೆದರು. ಶಾಮಿಯಾನದೊಳಗೆ ಎಂಥ ಶಿಸ್ತು ಬಂತು ಅಂತೀರಿ! ಜೋರು ಮಾಡುತ್ತಿದ್ದವರು ಮೊದಲು ಕೂತರು.

ಆಮೇಲೆ ಬಸ್ಸಿನ ವಿಷಯ. ಸಂಜೆ ತಿಪಟೂರಿನಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲೇಜು ಹುಡುಗರು ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಾರೆ. ಒಬ್ಬ ಯಜಮಾನರು "ಹೆಂಗಸರಿಗೆ ಫ್ರೀ ಮಾಡಿ ಕಾಸು ಕೊಡೋ ನಮಗೇ ಸೀಟಿಲ್ಲ" ಅಂದರು. ಅವರ ಸಿಟ್ಟಿಗೂ ಕಾರಣವಿದೆ. 2025ರ ಜನವರಿಯಲ್ಲಿ ಟಿಕೆಟ್ ದರ ನೂರಕ್ಕೆ ಹದಿನೈದು ಏರಿದಾಗ ಅದು ಬಿದ್ದದ್ದು ಟಿಕೆಟ್ ತೆಗೆದುಕೊಳ್ಳುವ ಗಂಡಸರ ಜೇಬಿಗೆ. ಹಿಂದಿನ ಸಾಲಿನಿಂದ ಒಬ್ಬ ಅತ್ತೆ ತಕ್ಷಣ ಕೊಟ್ಟರು: "ಸೀಟಿಲ್ಲ ಅಂದ್ರೆ ಇನ್ನೊಂದು ಬಸ್ಸು ಕೇಳಪ್ಪ. ನಮ್ಮನ್ನ ಯಾಕೆ ಇಳಿಸ್ತೀಯ?" ನನಗೆ ಇಡೀ ದಿನದಲ್ಲಿ ಹಿಡಿಸಿದ ಮಾತು ಅದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮೂರ ಹೆಂಗಸರು ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗಿಬರುವುದು ಜಾಸ್ತಿಯಾಯಿತು. ಬಸ್ಸು ಮಾತ್ರ ಅದೇ ಒಂದು. ಇದಕ್ಕೆ ಉತ್ತರ ಹೇಳಬೇಕಾದ ಡಿಪೋದವರು ಸಭೆಗೆ ಬಂದಿರಲಿಲ್ಲ.

ಕೂತು ಕೇಳುತ್ತಾ ನನಗೆ ಹೊಳೆದದ್ದು ಇಷ್ಟು. ಇಲ್ಲಿಯ ಯಾವ ಪ್ರಶ್ನೆಗೂ ಪಂಚಾಯ್ತಿಯೊಳಗೆ ಉತ್ತರವಿಲ್ಲ. ಎಲ್ಲ ಒಂದು ಮೆಟ್ಟಿಲು ಮೇಲಿದೆ. ಆ ಮೆಟ್ಟಿಲಿನ ಮೇಲೆ ಅವತ್ತಿಗೆ ನಮ್ಮವರು ಅಂತ ಯಾರೂ ಕೂತಿರಲಿಲ್ಲ. ತಾಲ್ಲೂಕು ಪಂಚಾಯ್ತಿಗೂ ಜಿಲ್ಲಾ ಪಂಚಾಯ್ತಿಗೂ ಅದಕ್ಕೆ ಮುಂಚೆ ಕೊನೆಯ ಸಲ ಚುನಾವಣೆ ನಡೆದದ್ದು 2016ರಲ್ಲಿ. ಅವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರಗಳ ಗಡಿ, ಮೀಸಲಾತಿ, ಕೋರ್ಟು ಅಂತ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಈ ನಡುವೆ ಬಿಜೆಪಿ ಸರ್ಕಾರವೂ ಇತ್ತು, ಕಾಂಗ್ರೆಸ್ ಸರ್ಕಾರವೂ ಬಂತು. ಚುನಾವಣೆ ಮಾಡುವ ಅವಸರ ಯಾರಲ್ಲೂ ಕಾಣಲಿಲ್ಲ. ಹಿಂದೆ ನಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯರು ಪಕ್ಕದ ಊರಿನವರೇ. ಮಹಾ ದೊಡ್ಡ ಕೆಲಸಗಾರರೇನಲ್ಲ. ಆದರೂ ಅವರ ಬೈಕ್ ಅಡ್ಡಗಟ್ಟಿ ನಿಲ್ಲಿಸಿ ಬೈಯಬಹುದಿತ್ತು. ಬೈಸಿಕೊಂಡವರು ಎಂಜಿನಿಯರಿಗೆ ಒಂದು ಫೋನಾದರೂ ಮಾಡುತ್ತಿದ್ದರು. ಅವರ ಜಾಗದಲ್ಲಿ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಯ ಕಾರನ್ನು ಅಡ್ಡಗಟ್ಟುವುದು ಹೇಗೆ?

ಬೆಂಗಳೂರಿನ ನಮ್ಮ ವಾರ್ಡಿನಲ್ಲೂ ಅವತ್ತಿಗೆ ಇದೇ ಸ್ಥಿತಿ. 2020ರ ಸೆಪ್ಟೆಂಬರಿನಿಂದ ಕಾರ್ಪೊರೇಟರ್ ಇರಲಿಲ್ಲ. ಒಂದಿದ್ದ ಪಾಲಿಕೆ ಐದಾಗಿತ್ತು, ಚುನಾವಣೆ ಒಂದೂ ಆಗಿರಲಿಲ್ಲ. ಅಲ್ಲಿ ಗುಂಡಿಯ ಫೋಟೊ ತೆಗೆದು ಆ್ಯಪಿನಲ್ಲಿ ಹಾಕುತ್ತೇವೆ. ಇಲ್ಲಿ ಕನಿಷ್ಠ ಎದ್ದು ನಿಂತು ಕೇಳುವುದಕ್ಕೆ ಒಂದು ಶಾಮಿಯಾನ ಇದೆ.

ಕೊನೆಗೆ ಕಾರ್ಯದರ್ಶಿ ನಡಾವಳಿ ಪುಸ್ತಕ ತಂದು ಸಹಿ ಮಾಡಿ ಅಂದರು. ಅಮ್ಮ ಪೆನ್ನು ಹಿಡಿದುಕೊಂಡು "ಬರೆದಿರೋದು ಒಂದ್ಸಲ ಓದಿ" ಅಂದಳು. ಓದಿದರು. ಚರಂಡಿ ಅದರಲ್ಲಿ ಇರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಮರೆತದ್ದು ಅಂದರು. ಇರಬಹುದು. ಪಿಡಿಒ ಅಲ್ಲೇ ಸೇರಿಸಿ ಬರೆಸಿದರು. ಅಮ್ಮ ಸಹಿ ಹಾಕಿದಳು, ಹಿಂದೆ ನಿಂತಿದ್ದ ನಮ್ಮ ಕೇರಿಯವರೂ ಹಾಕಿದರು.

ನನ್ನ ಇ-ಸ್ವತ್ತು ಕೆಲಸ ಅವತ್ತು ಆಗಲೇ ಇಲ್ಲ. ನಡಾವಳಿಯ ಪ್ರತಿ ಕೇಳಿದೆ, ಸೋಮವಾರ ಬನ್ನಿ ಅಂದರು. ಸೋಮವಾರ ಚಿಕ್ಕಪ್ಪನ ಮಗ ಹೋಗಿ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ. ಚರಂಡಿ ದುರಸ್ತಿ ಕೊನೆಯ ಸಾಲಿನಲ್ಲಿದೆ. ಪಕ್ಕದಲ್ಲಿ "ಅನುದಾನದ ಲಭ್ಯತೆ ಮೇರೆಗೆ" ಅಂತ ಬರೆದಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ. ಮುಂದಿನ ಸಭೆ ಯಾವಾಗ ಅಂತ ಕೇಳಿದಳು.