ಕೊನೆಗೂ ಮೂರನೇ ರೆಕ್ಕೆಗೆ ಬೆಳಕು ಬಂತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಆಸ್ಪತ್ರೆ ಮಾದರಿಯ ಎಡಗಡೆಯ ಮೂರನೇ ರೆಕ್ಕೆಯೊಳಗೆ (ಕಟ್ಟಡದ ಪಕ್ಕಕ್ಕೆ ಚಾಚಿದ ಭಾಗದೊಳಗೆ) ಬೆಳಕು ಬಿತ್ತು. ಮೂರು ಭಾನುವಾರ ಇದಕ್ಕೇ ಹೋಗಿತ್ತು. ಖುಷಿ ತಡೆಯಲಾಗದೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಹೊಸದಾಗಿ ಓದುತ್ತಿರುವವರಿಗೆ: ನಾನು ಕಟ್ಟುತ್ತಿರುವುದು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಟ್ರಾನ್ಸ್-ಅಲಿಗೇನಿ ಹುಚ್ಚಾಸ್ಪತ್ರೆಯ ಮಾದರಿ. ಊರು ವೆಸ್ಟನ್. ಅಳತೆ 1:300. ಅಸಲಿ ಕಟ್ಟಡದ ಉದ್ದ 1,295 ಅಡಿ, ನನ್ನದು 132 ಸೆಂ.ಮೀ. 200 ಅಡಿಯ ಗಡಿಯಾರದ ಗೋಪುರ ಇಲ್ಲಿ 20 ಸೆಂ.ಮೀ. ಗೋಪುರ ಸಲೀಸಾಗಿ ಎದ್ದು ನಿಂತಿತು. ಕಾಡಿದ್ದು ಎರಡೂ ಕಡೆ ಬಾವಲಿಯ ಹಾಗೆ ಹರಡಿಕೊಂಡಿರುವ ರೆಕ್ಕೆಗಳು.

ಅಲ್ಲಿನ ಕಲ್ಲಿನ ಗೋಡೆ ಎರಡೂವರೆ ಅಡಿ ದಪ್ಪ. ಮಾದರಿಗೆ ಇಳಿಸಿದರೆ ಸರಿಯಾಗಿ ಎರಡೂವರೆ ಮಿ.ಮೀ. ಲೇಸರ್ ಕಟಿಂಗ್ ಅಂಗಡಿಗೆ 2.5 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂತ ಬರೆದೇ ಕೊಟ್ಟಿದ್ದೆ. ಬಂದದ್ದು 3. ಫೋನ್ ಮಾಡಿದರೆ, "ಅರ್ಧ ಮಿಲ್ಲಿ ಅಲ್ವಾ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಒಂದು ತುಂಡಿನ ಟ್ಯಾಬ್ (ಹಲ್ಲು) ಇನ್ನೊಂದರ ಸ್ಲಾಟಿಗೆ (ಸೀಳಿಗೆ) ಇಳಿಯಲೇ ಇಲ್ಲ. ಟ್ಯಾಬ್‌ಗಳನ್ನೆಲ್ಲ ಕತ್ತರಿಸಿ, ಕಣ್ಣಳತೆಯಲ್ಲಿ ರೆಕ್ಕೆಗಳನ್ನು ಸಾಲಾಗಿ ಜೋಡಿಸಿ ಫೆವಿಕಾಲ್ ಹಾಕಿದೆ.

ಆಮೇಲೆ ಸೂರ್ಯನ ಬದಲು ಒಂದು ಬಲ್ಬ್ ತೂಗುಹಾಕಿ, ನೆಲದ ತೂತಿನಿಂದ ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿದೆ. ಮೂರನೇ ರೆಕ್ಕೆಯ ಓಣಿ (ಕಾರಿಡಾರ್) ಕಗ್ಗತ್ತಲು. ಒಳಗೆ ಬಿಳಿ ಬಣ್ಣ ಹೊಡೆದೆ. ಕಿಟಕಿಯ ಗಾಜಿನ ಬದಲಿದ್ದ ಪಾರದರ್ಶಕ ಓಎಚ್‌ಪಿ ಹಾಳೆ ಬದಲಿಸಿದೆ. ಬಲ್ಬನ್ನು ಮೇಜಿನ ಸುತ್ತ ಎಲ್ಲ ಕಡೆ ಹಿಡಿದೆ. ಏನೂ ಆಗಲಿಲ್ಲ.

ಉತ್ತರ ಇದ್ದದ್ದು ಮೂಲ ನಕ್ಷೆಯಲ್ಲೇ. ಇಂಥ ಆಸ್ಪತ್ರೆಗಳ ವಿನ್ಯಾಸ ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ ಅವರದು. ಗಾಳಿ, ಬೆಳಕೇ ಅರ್ಧ ಔಷಧ ಅಂತ ನಂಬಿದ್ದವರು. ಅದಕ್ಕೇ ಪ್ರತಿ ರೆಕ್ಕೆಯೂ ಹಿಂದಿನದಕ್ಕಿಂತ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದೆ. ಆಗ ಪ್ರತಿ ಓಣಿಯ ಎರಡೂ ತುದಿಗೆ ಕಿಟಕಿ ಸಿಗುತ್ತದೆ. ನಾನು ಸಾಲಾಗಿ ಅಂಟಿಸಿದ್ದರಿಂದ ಪಕ್ಕದ ಗೋಡೆ ಆ ತುದಿ ಕಿಟಕಿಯನ್ನು ಮುಚ್ಚಿಬಿಟ್ಟಿತ್ತು! ನೀರು ಹಾಕಿ ಬಿಡಿಸುವ ಹಾಗಿಲ್ಲ, ಎಂಡಿಎಫ್ ಉಬ್ಬುತ್ತದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಒಂದೊಂದೇ ಜೋಡಣೆ ಕುಯ್ದು ಹಿಂದೆ ಸರಿಸಿದೆ. ಬಲ್ಬ್ ಹಾಕಿದ ಕೂಡಲೇ ಓಣಿಯುದ್ದಕ್ಕೂ ಬೆಳಕಿನ ಪಟ್ಟಿ. ಒಬ್ಬ ವೈದ್ಯ ರೋಗಿಗಳಿಗಾಗಿ ಇಷ್ಟು ಯೋಚಿಸಿದ್ದನಲ್ಲ ಅಂತ ಗಂಟಲು ಕಟ್ಟಿತು.

ಅದೇ ಉತ್ಸಾಹದಲ್ಲಿ ಇನ್ನೊಂದು ಮಾಡಿದೆ. 1:300ರಲ್ಲಿ ಮಲಗಿದ ಮನುಷ್ಯ ಐದೂವರೆ ಮಿ.ಮೀ. ಹೆಚ್ಚು ಕಡಿಮೆ ಒಂದು ಸೋನಾ ಮಸೂರಿ ಕಾಳು. ಈ ಆಸ್ಪತ್ರೆ ಕಟ್ಟಿದ್ದು 250 ಜನಕ್ಕೆ. 250 ಕಾಳು ಎಣಿಸಿ ಹಂಚಿದೆ. ಎಲ್ಲೆಲ್ಲೂ ಆರಾಮಾಗಿ ಜಾಗ. 1950ರ ದಶಕದಲ್ಲಿ ಅಲ್ಲಿ 2,400 ಜನ ಇದ್ದರು. ಅಂದರೆ ಒಂದು ಹಿಡಿ ಅಕ್ಕಿ ಅಷ್ಟೆ. ನನ್ನ ಮಾದರಿಯ ಕೋಣೆ ಕಿರುಬೆರಳಿನ ಉಗುರಿನಷ್ಟು. ಒಂದು ಕಾಳಿದ್ದ ಕಡೆ ಒಂಬತ್ತು, ಹತ್ತು ಕಾಳು. ಮಿಕ್ಕವು ಓಣಿಗೆ ಬಂದವು. 1949ರಲ್ಲೇ ಚಾರ್ಲ್ಸ್‌ಟನ್ ಗೆಜೆಟ್ ಪತ್ರಿಕೆ ಬರೆದಿತ್ತು: ಅಲ್ಲಿ ಮಂಚ ಕುರ್ಚಿ ಸಾಲದು, ಬಿಸಿ ಸಾಲದು, ಬೆಳಕೂ ಸಾಲದು ಅಂತ. ಬೆಳಕಿಗೆಂದೇ ಕಟ್ಟಿದ ಕಟ್ಟಡದಲ್ಲಿ! 1952ರಲ್ಲಿ ವಾಲ್ಟರ್ ಫ್ರೀಮನ್ ಎಂಬ ವೈದ್ಯ ಎರಡೇ ವಾರದಲ್ಲಿ ವೆಸ್ಟ್ ವರ್ಜೀನಿಯಾದ ಸರ್ಕಾರಿ ಆಸ್ಪತ್ರೆಗಳಲ್ಲಿ 228 ಜನರಿಗೆ ಲೋಬಾಟಮಿ, ಅಂದರೆ ಮೆದುಳಿನ ಮುಂಭಾಗದ ನರತಂತು ಕಡಿಯುವ ಶಸ್ತ್ರಚಿಕಿತ್ಸೆ, ಮಾಡಿದ. ಆ ಕಾಳುಗಳನ್ನು ಮತ್ತೆ ಅಕ್ಕಿ ಡಬ್ಬಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

19ನೇ ಶತಮಾನದಲ್ಲಿ ಅಲ್ಲಿಗೆ ರೋಗಿಗಳನ್ನು ಸೇರಿಸಿಕೊಂಡ ಕಾರಣಗಳ ಪಟ್ಟಿಯನ್ನೂ ಓದಿ. ಕಾದಂಬರಿ ಓದುವುದು, ಆಸ್ತಮಾ, ಕುದುರೆ ತಲೆಗೆ ಒದ್ದದ್ದು, ದುಃಖ. ದುಃಖಕ್ಕೂ ಬೀಗ ಹಾಕುತ್ತಿದ್ದರು.

ನಡುವೆ ಒಂದು ಮಾತು. ಮುಂದಿನ ಮಾದರಿ ತೀರ್ಮಾನವಾಯ್ತು: ವಿಯೆನ್ನಾದ ಹಳೇ ಹುಚ್ಚಾಸ್ಪತ್ರೆ ನಾರೆನ್‌ಟುರ್ಮ್, 1784ರದು. ಐದು ಅಂತಸ್ತು, 139 ಕೋಣೆ, ಪೂರ್ತಿ ದುಂಡು. ಅಲ್ಲಿನವರು ಅದನ್ನು ಗುಗೆಲ್‌ಹುಪ್ಫ್ ಅಂತ ಕರೆಯುತ್ತಾರೆ, ಬಳೆಯಂಥ ಒಂದು ಕೇಕಿನ ಹೆಸರು. ದುಂಡು ಗೋಡೆಗೆ ಎಂಡಿಎಫ್ ಬಾಗುವುದಿಲ್ಲ. ಪಿವಿಸಿ ಪೈಪ್ ಹುಡುಕುತ್ತಿದ್ದೇನೆ.

ವೆಸ್ಟನ್ ಆಸ್ಪತ್ರೆ 1994ರಲ್ಲಿ ಮುಚ್ಚಿತು. ಖಾಲಿ ಬಿದ್ದದ್ದು 2007ರಲ್ಲಿ ಹರಾಜಾಯ್ತು. ಈಗ ದೆವ್ವ ನೋಡುವವರು ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿನ ಕತೆಗಳಲ್ಲಿ ಹೆಸರಾದವಳು ಲಿಲಿ ಎಂಬ ಪುಟ್ಟ ಹುಡುಗಿ. ಅವಳ ಕೋಣೆ ಅಂತ ಹೇಳುವಲ್ಲಿ ಜನ ಆಟಿಕೆ, ಚೆಂಡು ಇಟ್ಟು ಬರುತ್ತಾರೆ. ಚೆಂಡು ತಾನಾಗಿ ಉರುಳುತ್ತದಂತೆ. ದೆವ್ವದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಆ ಕೋಣೆ ಖಾಲಿ ಬಿಡಲು ಆಗಲಿಲ್ಲ. ಚೆಂಡಿಗೆ ರಾಗಿ ದಪ್ಪವಾಯ್ತು. ಗಸಗಸೆ ಸರಿಹೋಯ್ತು. ಚಿಮಟದಲ್ಲಿ ಒಂದು ಕಾಳು ಹಿಡಿದು, ಕೆಂಪು ಬಣ್ಣ ಮುಟ್ಟಿಸಿ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಅಂಟು ಹಾಕಿಲ್ಲ.